ಜನ ಬೇಕು, ರಗಳೆ ಬೇಡ: ನೇರ ನೇಮಕವೋ, ಗುತ್ತಿಗೆಯೋ, ಅವಧಿ ಒಪ್ಪಂದವೋ?

"ಜನ ಬೇಕು, ಆದರೆ ಪಿಎಫ್ ರಗಳೆ ಬೇಡ ಮಾರಾಯ್ರೆ." ಬೈಕಂಪಾಡಿಯ ಶೆಡ್‌ನಿಂದ ಹಿಡಿದು ಉಡುಪಿಯ ಹೋಟೆಲ್ ಗಲ್ಲಾದವರೆಗೆ ನಾನು ಜಾಸ್ತಿ ಕೇಳುವ ಮಾತು ಇದು. ಸಣ್ಣ ಉದ್ಯಮಗಳ ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಲೆಕ್ಕ ನೋಡುವುದೇ ನನ್ನ ಕೆಲಸವಾದ್ದರಿಂದ ಕೇಳದೆ ವಿಧಿಯಿಲ್ಲ. ಜನರನ್ನು ಕೆಲಸಕ್ಕೆ ತೆಗೆದುಕೊಳ್ಳಲು ದಾರಿಗಳು ಹಲವು ಇವೆ. ನೇರವಾಗಿ ನಿಮ್ಮ ರೋಲಿಗೆ, ಅಂದರೆ ನಿಮ್ಮದೇ ನೌಕರರ ಪಟ್ಟಿಗೆ ಹಾಕಬಹುದು. ಇಂತಿಷ್ಟು ಅವಧಿಗೆ ಅಂತ ಒಪ್ಪಂದ ಮಾಡಿಕೊಳ್ಳಬಹುದು. ಗುತ್ತಿಗೆದಾರನ ಮೂಲಕ ತರಿಸಬಹುದು. ಅಪ್ರೆಂಟಿಸ್ ಇಟ್ಟುಕೊಳ್ಳಬಹುದು. ಕನ್ಸಲ್ಟೆಂಟ್ ಅಂತ ಬಿಲ್ ಮೇಲೆ ದುಡ್ಡು ಕೊಡಬಹುದು. ಎಲ್ಲರೂ ಮೊದಲು ಕೇಳುವುದು ಯಾವುದು ಅಗ್ಗ ಅಂತ. ನಾನು ಮೊದಲು ಕೇಳುವುದು ಬೇರೆ: ಆ ಮನುಷ್ಯ ಮಾಡುವುದು ಏನು, ಮತ್ತು ಯಾರು ಹೇಳಿದ ಹಾಗೆ ಮಾಡುತ್ತಾನೆ?

ಕಾನೂನು ನೋಡುವುದೂ ಅದನ್ನೇ. ಕಾಗದದ ಮೇಲೆ ನೀವು ಇಟ್ಟ ಹೆಸರಿಗೆ ಅಲ್ಲಿ ಅಷ್ಟು ಬೆಲೆ ಇಲ್ಲ. ಕರಾವಳಿಯವರಿಗೆ ಇದು ಹೊಸ ಪಾಠವೇನೂ ಅಲ್ಲ. ಬೀಡಿಯ ವಿಷಯ ನೋಡಿ. ಹೆಂಗಸರು ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು ಮನೆ ಜಗಲಿಯಲ್ಲಿ ಕೂತು ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಹಾಜರಿ ಇಲ್ಲ, ಸೂಪರ್‌ವೈಸರ್ ಇಲ್ಲ, ಶಿಫ್ಟ್ ಇಲ್ಲ. ಇವರು ನಮ್ಮ ನೌಕರರೇ ಅಲ್ಲ ಅಂತ ಮಾಲೀಕರು ವರ್ಷಗಟ್ಟಲೆ ವಾದಿಸಿದರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರು ಎಂದೇ ಕರೆಯಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಹೆಸರಿನ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿ ಹಿಡಿಯಿತು. 1985ರಲ್ಲಿ ಇನ್ನೊಂದು ಬೀಡಿ ಪ್ರಕರಣದಲ್ಲಿ, ಮನೆಯಲ್ಲಿ ಕಟ್ಟುವವರಿಗೂ ಪಿಎಫ್ ಕೊಡಬೇಕು ಎಂದಿತು. ಆಗ ಕೋರ್ಟ್ ಹಿಡಿದ ಎಳೆ ತುಂಬಾ ಸಣ್ಣದು. ಸರಿ ಇಲ್ಲದ ಬೀಡಿಯನ್ನು ತೆಗೆದು ಬಿಸಾಡುವ ಹಕ್ಕು ಮಾಲೀಕನಿಗೆ ಇದೆ ಅಲ್ವಾ, ಅದೇ ನಿಯಂತ್ರಣ.

ಮಣಿಪಾಲದಲ್ಲಿ ಕೂತು ಮನೆಯಿಂದಲೇ ಕೋಡ್ ಬರೆಯುವ "ಫ್ರೀಲ್ಯಾನ್ಸರ್" ಬಗ್ಗೆ ಇಂದು ಎದ್ದಿರುವ ಪ್ರಶ್ನೆ, ಜಗಲಿಯ ಮೇಲಿನ ಬೀಡಿಯ ಪ್ರಶ್ನೆಯೇ.

ಮೊದಲು ತಲೆ ಎಣಿಸಿ

ಆಯ್ಕೆಗೆ ಇಳಿಯುವ ಮೊದಲು ನಿಮ್ಮಲ್ಲಿ ಎಷ್ಟು ಜನ ಇದ್ದಾರೆ ಅಂತ ನೋಡಿ. 10 ಜನ ಆದರೆ ಇಎಸ್‌ಐ, ಗ್ರಾಚುಯಿಟಿ (ಕೆಲಸ ಬಿಡುವಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಕೊಡುವ ದುಡ್ಡು), ಹೆರಿಗೆ ಸೌಲಭ್ಯ ಬರುತ್ತವೆ. ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿಯೂ ಆಗಲೇ ಬೇಕು. 20 ಆದರೆ ಪಿಎಫ್ ಮತ್ತು ಬೋನಸ್. 50 ಆದರೆ ಮಕ್ಕಳಿಗೆ ಶಿಶುಪಾಲನಾ ಕೇಂದ್ರ. ಪಿಎಫ್ ಕಡ್ಡಾಯ ಆಗುವುದು ತಿಂಗಳ ವೇತನ 15,000 ರೂಪಾಯಿವರೆಗೆ ಇರುವವರಿಗೆ, ಇಎಸ್‌ಐ 21,000ದವರೆಗೆ.

ಇಲ್ಲಿ ಎರಡು ಆಟಗಳು ನಡೆಯುತ್ತವೆ. ಒಂದು, 18 ಜನ ಆದ ಕೂಡಲೇ ಹೆಂಡತಿ ಹೆಸರಲ್ಲಿ ಇನ್ನೊಂದು ಸಂಸ್ಥೆ ತೆರೆಯುವುದು. ಅದೇ ಅಡುಗೆಮನೆ, ಅದೇ ಗಲ್ಲಾ, ಅದೇ ಮ್ಯಾನೇಜರ್, ಬೋರ್ಡ್ ಮಾತ್ರ ಎರಡು. ಆಡಳಿತ ಮತ್ತು ಹಣಕಾಸು ಒಂದೇ ಕೈಯಲ್ಲಿ ಇದ್ದರೆ ಪಿಎಫ್ ಇಲಾಖೆ ಎರಡನ್ನೂ ಸೇರಿಸಿ ಎಣಿಸುತ್ತದೆ. ಎರಡನೆಯದು, ಒಮ್ಮೆ 20 ದಾಟಿ ಪಿಎಫ್‌ಗೆ ಒಳಪಟ್ಟ ಮೇಲೆ ನಾಲ್ಕು ಜನರನ್ನು ಕಳಿಸಿಬಿಟ್ಟರೆ ಆಯಿತು ಅಂತ ಲೆಕ್ಕ ಹಾಕುವುದು. ಆಗುವುದಿಲ್ಲ. ಸಂಖ್ಯೆ ಇಳಿದರೂ ಪಿಎಫ್ ಮುಂದುವರಿಯುತ್ತದೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 29 ಹಳೆ ಕಾನೂನುಗಳ ಜಾಗದಲ್ಲಿ ಕೂತಿವೆ. ಸಣ್ಣ ಮಾಲೀಕರಿಗೆ ಅದರಲ್ಲಿ ಮುಖ್ಯವಾದದ್ದು ಮೂರು ಮಾತು. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ಕೆಲಸ ಬಿಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಮೂರನೆಯದು, ಬೇಸಿಕ್ ಕಡಿಮೆ ತೋರಿಸಿ ಉಳಿದದ್ದನ್ನೆಲ್ಲ ಅಲೋವೆನ್ಸ್ ಮಾಡುವ ಹಳೆ ಉಪಾಯ ಇನ್ನು ನಡೆಯುವುದಿಲ್ಲ. ಅಲೋವೆನ್ಸ್‌ಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟು ಮತ್ತೆ ವೇತನಕ್ಕೇ ಸೇರುತ್ತದೆ.

ಅಗ್ಗ ಯಾವುದು? ಲೆಕ್ಕ ಹಾಕಿಯೇ ನೋಡೋಣ

ಉಡುಪಿಯ ಒಂದು ಸಸ್ಯಾಹಾರಿ ಹೋಟೆಲ್ ಅಂದುಕೊಳ್ಳಿ. 25 ಜನ. ಕ್ಲೀನಿಂಗ್ ಮತ್ತು ಸಪ್ಲೈಗೆ ಇನ್ನೂ ಹತ್ತು ಜನ ಬೇಕು. ಲೆಕ್ಕ ಸುಲಭವಾಗಲಿ ಅಂತ ಒಬ್ಬರಿಗೆ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000 ರೂಪಾಯಿ ಇಟ್ಟುಕೊಳ್ಳೋಣ. ಕನಿಷ್ಠ ವೇತನ ಅದಕ್ಕಿಂತ ಜಾಸ್ತಿ ಇದ್ದರೆ ಆ ಅಂಕಿಯನ್ನೇ ಹಾಕಿಕೊಳ್ಳಿ.

ನೇರವಾಗಿ ರೋಲಿಗೆ ಹಾಕಿದರೆ ಮಾಲೀಕನ ಪಾಲಿನ ಪಿಎಫ್ ಶೇ 12, ಅಂದರೆ 1,800. ವಿಮೆ ಅರ್ಧ ಶೇಕಡಾ, ಆಡಳಿತ ಶುಲ್ಕ ಅರ್ಧ ಶೇಕಡಾ, ಎರಡೂ ಸೇರಿ 150. ಇಎಸ್‌ಐ ಶೇ 3.25, ಅಂದರೆ 488. ಬೋನಸ್ ಕನಿಷ್ಠ ಶೇ 8.33ರ ಲೆಕ್ಕದಲ್ಲಿ ತಿಂಗಳಿಗೆ 1,250 ಬೀಳುತ್ತದೆ. ಗ್ರಾಚುಯಿಟಿಗೆ ವರ್ಷಕ್ಕೆ 15 ದಿನದ ವೇತನ, ತಿಂಗಳನ್ನು 26 ದಿನ ಅಂತ ಹಿಡಿದರೆ, ತಿಂಗಳಿಗೆ 721 ಎತ್ತಿಡಬೇಕು. ಒಟ್ಟು 19,409 ರೂಪಾಯಿ. ಇದನ್ನು ನೋಡಿಯೇ ಮಾಲೀಕರು ಗುತ್ತಿಗೆದಾರನಿಗೆ ಫೋನ್ ಮಾಡುವುದು.

ಗುತ್ತಿಗೆದಾರ ಕಾನೂನು ಪ್ರಕಾರ ನಡೆಯುವವನಾದರೆ ಈ 19,409 ಅವನಿಗೂ ತಪ್ಪುವುದಿಲ್ಲ. ಮೇಲೆ ಶೇ 8 ಸರ್ವಿಸ್ ಚಾರ್ಜ್ ಹಾಕಿದ ಅಂದುಕೊಳ್ಳಿ, 1,553. ಆಯಿತು 20,962. ಇದರ ಮೇಲೆ ಶೇ 18 ಜಿಎಸ್‌ಟಿ, 3,773. ಬಿಲ್ 24,735 ರೂಪಾಯಿ! ಸರಕು ತಯಾರಿಸುವ ಬೈಕಂಪಾಡಿಯ ಘಟಕ ಈ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಪಡೆಯಬಹುದು. ಶೇ 5 ಜಿಎಸ್‌ಟಿ ಕಟ್ಟುವ ಹೋಟೆಲ್‌ಗೆ ಆ ಕ್ರೆಡಿಟ್ ಇಲ್ಲ. ತಲೆಗೆ 5,326 ರೂಪಾಯಿ, ಹತ್ತು ಜನಕ್ಕೆ ತಿಂಗಳಿಗೆ 53,000ಕ್ಕೂ ಜಾಸ್ತಿ ಸುಮ್ನೆ ಹೋಯಿತು. ನಾನು ನೋಡಿದ ಮಟ್ಟಿಗೆ ಹೋಟೆಲ್‌ನವರು ಈ ಲೆಕ್ಕ ಹಾಕುವುದೇ ಇಲ್ಲ.

ಹಾಗಾದರೆ ಗುತ್ತಿಗೆದಾರರು 18,000ಕ್ಕೆ ಜನ ಕೊಡುತ್ತೇವೆ ಅನ್ನುವುದು ಹೇಗೆ? ಪಿಎಫ್ ಕಟ್ಟುವುದಿಲ್ಲ, ಅಥವಾ ಹತ್ತು ಜನರಲ್ಲಿ ಮೂವರದ್ದು ಮಾತ್ರ ಕಟ್ಟುತ್ತಾರೆ, ಅಷ್ಟೇ. ಅವರು ಕಟ್ಟದೇ ಹೋದರೆ ಇಲಾಖೆ ಬರುವುದು ನಿಮ್ಮ ಬಾಗಿಲಿಗೆ. ಪಿಎಫ್, ಇಎಸ್‌ಐ, ಸಂಬಳ ಮೂರಕ್ಕೂ ಮುಖ್ಯ ಮಾಲೀಕನೇ, ಅಂದರೆ ಕೆಲಸ ಮಾಡಿಸಿಕೊಳ್ಳುವ ನೀವೇ, ಕೊನೆಯ ಹೊಣೆ. ತಡವಾದ ಪಿಎಫ್‌ಗೆ ವರ್ಷಕ್ಕೆ ಶೇ 12 ಬಡ್ಡಿ, ಅದರ ಮೇಲೆ ತಿಂಗಳಿಗೆ ಶೇ 1 ದಂಡ.

ನೇರ ನೇಮಕಕ್ಕೆ ಈಗ ಇನ್ನೊಂದು ಅನುಕೂಲ ಇದೆ. ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ, 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ಒಳಗೆ ಹೊಸದಾಗಿ ಸೇರಿಸಿಕೊಂಡ ಹೆಚ್ಚುವರಿ ನೌಕರನ ಲೆಕ್ಕದಲ್ಲಿ ಮಾಲೀಕನಿಗೆ ದುಡ್ಡು ಬರುತ್ತದೆ. ವೇತನ 10,000 ದಾಟಿ 20,000ದ ಒಳಗಿದ್ದರೆ ತಿಂಗಳಿಗೆ 2,000 ರೂಪಾಯಿ, ಎರಡು ವರ್ಷ. ಉತ್ಪಾದನಾ ಘಟಕಗಳಿಗೆ ನಾಲ್ಕು ವರ್ಷ. 50ಕ್ಕಿಂತ ಕಡಿಮೆ ಜನ ಇರುವ ಸಂಸ್ಥೆ ಕನಿಷ್ಠ ಇಬ್ಬರನ್ನು ಹೊಸದಾಗಿ ಸೇರಿಸಬೇಕು, ಆರು ತಿಂಗಳಾದರೂ ಉಳಿಸಿಕೊಳ್ಳಬೇಕು. ಜನ ಗುತ್ತಿಗೆದಾರನ ಪಿಎಫ್ ಕೋಡ್‌ನಲ್ಲಿ ಇದ್ದರೆ ಆ ದುಡ್ಡು ನಿಮಗೆ ಬರುವುದಿಲ್ಲ.

ಹಾಗಾದರೆ ಗುತ್ತಿಗೆ ಯಾವಾಗ ಸರಿ?

ಕೆಲಸ ನಿಜವಾಗಿಯೂ ಬೇರೆಯದ್ದಾಗಿದ್ದಾಗ. ಫ್ಯಾಕ್ಟರಿಯ ಸೆಕ್ಯೂರಿಟಿ, ಲಾರಿ ಲೋಡಿಂಗ್, ತೋಟದ ಕೆಲಸ, ಶೌಚಾಲಯ ಶುಚಿ, ಇಂಥವನ್ನು ಹೊಸ ಸಂಹಿತೆಯೂ ಮುಖ್ಯವಲ್ಲದ ಕೆಲಸ ಎಂದೇ ಪಟ್ಟಿ ಮಾಡಿದೆ. 50 ಅಥವಾ ಅದಕ್ಕಿಂತ ಜಾಸ್ತಿ ಗುತ್ತಿಗೆ ಕಾರ್ಮಿಕರು ಇರುವಲ್ಲಿ ಮುಖ್ಯ ಕೆಲಸಕ್ಕೇ ಗುತ್ತಿಗೆ ಜನರನ್ನು ಹಾಕುವ ಹಾಗಿಲ್ಲ. ಆ ಉದ್ಯಮದಲ್ಲಿ ಮೊದಲಿನಿಂದಲೂ ಹಾಗೇ ರೂಢಿ ಇದ್ದರೆ, ಅಥವಾ ಒಮ್ಮೆಲೇ ಕೆಲಸ ಏರಿದ್ದರೆ ವಿನಾಯಿತಿ ಉಂಟು. ಸಣ್ಣವರಿಗೆ ಆ ನಿಷೇಧ ತಾಗದೇ ಇರಬಹುದು. ಬೇರೊಂದು ತಾಗುತ್ತದೆ. ಗುತ್ತಿಗೆ ಬರೀ ನಾಟಕ ಅಂತ ಗೊತ್ತಾದರೆ ಆ ಜನ ನಿಮ್ಮ ನೌಕರರೇ. 2001ರ ಸ್ಟೀಲ್ ಅಥಾರಿಟಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮಾಲೀಕರಿಗೆ ಸಾಕಷ್ಟು ಸಡಿಲಿಕೆ ಕೊಟ್ಟಿತು. ಆದರೂ ಈ ಒಂದು ಬಾಗಿಲನ್ನು ತೆರೆದೇ ಇಟ್ಟಿತು.

ನಾಟಕ ಅಂತ ಹೇಗೆ ಗೊತ್ತಾಗುತ್ತದೆ? ಗುತ್ತಿಗೆದಾರ ತಿಂಗಳಿಗೊಮ್ಮೆ ಬಿಲ್ ಕೊಡಲು ಮಾತ್ರ ಮುಖ ತೋರಿಸುತ್ತಾನೆ. ರಜೆ ಕೊಡುವವರು ನಿಮ್ಮ ಮ್ಯಾನೇಜರ್, ಬೈಯುವವರೂ ಅವರೇ. ಗುತ್ತಿಗೆದಾರ ಬದಲಾದರೂ ಅದೇ ಎಂಟು ಜನ ಅದೇ ಮಷಿನ್ ಮುಂದೆ ಇರುತ್ತಾರೆ. ಇಷ್ಟಾದರೆ ಸಾಕು.

ಗುತ್ತಿಗೆಗೇ ಹೋಗುವುದಾದರೆ ಬಿಲ್ ಪಾಸ್ ಮಾಡುವ ಮುಂಚೆ ಹಿಂದಿನ ತಿಂಗಳ ಪಿಎಫ್ ಚಲನ್ ಕೇಳಿ. ಬರೀ ಚಲನ್ ಸಾಲದು. ಅದರ ಜೊತೆ ಬರುವ ಹೆಸರುಗಳ ಪಟ್ಟಿಯಲ್ಲಿ ನಿಮ್ಮಲ್ಲಿ ದುಡಿಯುವವರ ಹೆಸರು ಇದೆಯಾ ನೋಡಿ. ಬೇರೆ ಊರಿನ ಬೇರೆ ಸೈಟ್‌ನವರ ಹೆಸರಿದ್ದ ಚಲನ್ ತಂದುಕೊಟ್ಟವರನ್ನೂ ನೋಡಿದ್ದೇನೆ.

ಸೀಸನ್ ಕೆಲಸಕ್ಕೆ ಅವಧಿ ಒಪ್ಪಂದ

ನಮ್ಮ ಊರಿಗೆ ಚೆನ್ನಾಗಿ ಹೊಂದುವ, ಆದರೆ ಕಡಿಮೆ ಜನ ಬಳಸುವ ದಾರಿ ಇದು. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಮಲ್ಪೆಯ ಐಸ್ ಪ್ಲಾಂಟ್, ಮೀನು ಸಂಸ್ಕರಣಾ ಘಟಕಗಳಿಗೆ ಆಗ ಕೆಲಸವೇ ಇರುವುದಿಲ್ಲ. ಆಗಸ್ಟ್‌ನಿಂದ ಮೇ ಕೊನೆಯವರೆಗೆ ಅಂತ ಬರೆದು ಒಪ್ಪಂದ ಮಾಡಿಕೊಂಡರೆ, ಅವಧಿ ಮುಗಿದಾಗ ಕೆಲಸ ತಾನಾಗಿಯೇ ಮುಗಿಯುತ್ತದೆ. ನೋಟಿಸ್ ಕೊಟ್ಟು ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ ಕೊಡುವ ನೌಕರರ ಕಡಿತದ ಪ್ರಕ್ರಿಯೆ, ಅಂದರೆ ರಿಟ್ರೆಂಚ್‌ಮೆಂಟ್, ಇದಕ್ಕೆ ಬೇಡ.

ಹಾಗಂತ ಸಂಬಳದಲ್ಲಿ ಉಳಿತಾಯ ಇಲ್ಲ. ಅದೇ ಕೆಲಸ ಮಾಡುವ ಕಾಯಂ ನೌಕರನಿಗೆ ಏನು ಸಿಗುತ್ತದೋ ಇವರಿಗೂ ಅದೇ ಸಂಬಳ, ಅದೇ ಸೌಲಭ್ಯ. ಗ್ರಾಚುಯಿಟಿಗೆ ಕಾಯಂ ನೌಕರ ಐದು ವರ್ಷ ಪೂರೈಸಬೇಕು. ಅವಧಿ ಒಪ್ಪಂದದವರಿಗೆ ಒಂದು ವರ್ಷ ಸಾಕು. ಆದ್ದರಿಂದ ಗ್ರಾಚುಯಿಟಿ ತಪ್ಪಿಸಲು ಈ ದಾರಿ ಹಿಡಿದರೆ ಉಲ್ಟಾ ಹೊಡೆಯುತ್ತದೆ. ವರ್ಷಪೂರ್ತಿ ಇರುವ ಕೆಲಸಕ್ಕೆ 11 ತಿಂಗಳ ಒಪ್ಪಂದ, ನಡುವೆ ಎರಡು ದಿನ ಬ್ರೇಕ್, ಮತ್ತೆ 11 ತಿಂಗಳು. ಹೀಗೆ ವರ್ಷಾನುಗಟ್ಟಲೆ ಎಳೆಯುವುದನ್ನು ಕಾನೂನು ಅನುಚಿತ ಕಾರ್ಮಿಕ ಪದ್ಧತಿ ಎಂದೇ ಕರೆಯುತ್ತದೆ. ಬಾಡಿಗೆ ಮನೆಗೆ 11 ತಿಂಗಳ ಅಗ್ರಿಮೆಂಟ್ ಮಾಡಿ ಅಭ್ಯಾಸ ಆದವರು ಮನುಷ್ಯರಿಗೂ ಅದನ್ನೇ ಮಾಡುತ್ತಾರೆ.

ಗೇರುಬೀಜ ಫ್ಯಾಕ್ಟರಿಯವರಿಗೆ ಒಂದು ಮಾತು. ಸಿಪ್ಪೆ ತೆಗೆಯುವ, ಗ್ರೇಡಿಂಗ್ ಮಾಡುವ ಹೆಂಗಸರಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ ಕೊಟ್ಟರೆ ಅವರು ಗುತ್ತಿಗೆಯವರು ಆಗುವುದಿಲ್ಲ. ಕೂಲಿ ಎಣಿಸುವ ರೀತಿ ಬೇರೆ, ಅಷ್ಟೇ. ಅವರು ನಿಮ್ಮ ನೌಕರರೇ.

ಅಪ್ರೆಂಟಿಸ್ ಬೇರೆ, "ಟ್ರೈನಿ" ಬೇರೆ

ನಿಜವಾದ ಅಪ್ರೆಂಟಿಸ್ ಮಾಲೀಕನಿಗೆ ಲಾಭವೇ. 1961ರ ಕಾಯ್ದೆ ಪ್ರಕಾರ ಒಪ್ಪಂದ ನೋಂದಾಯಿಸಿದರೆ ಅವರಿಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಸ್ಟೈಪೆಂಡ್‌ನ ಶೇ 25, ಗರಿಷ್ಠ 1,500 ರೂಪಾಯಿ, ಸರಕಾರವೇ ಕೊಡುವ ಯೋಜನೆ ಇದೆ. ನಾಲ್ಕು ಜನ ಇರುವ ಸಂಸ್ಥೆಯೂ ಅಪ್ರೆಂಟಿಸ್ ತೆಗೆದುಕೊಳ್ಳಬಹುದು. 30 ಆದ ಮೇಲೆ ಒಟ್ಟು ಜನರ ಶೇ 2.5ರಿಂದ 15ರಷ್ಟು ತೆಗೆದುಕೊಳ್ಳುವುದು ಕಡ್ಡಾಯ. ಕದ್ರಿಯ ಕೆಪಿಟಿ ಪಾಲಿಟೆಕ್ನಿಕ್, ಐಟಿಐಗಳಿಂದ ಪ್ರತಿ ವರ್ಷ ಹುಡುಗರು ಹೊರಬೀಳುತ್ತಾರೆ. ವೆಲ್ಡಿಂಗ್, ಫಿಟ್ಟಿಂಗ್ ವರ್ಕ್‌ಶಾಪ್‌ನವರು ಇದನ್ನೇ ಮೊದಲು ನೋಡಬೇಕು.

ನೋಂದಣಿ ಇಲ್ಲದೆ "ಟ್ರೈನಿ" ಅಂತ ಹೆಸರಿಟ್ಟು ಎರಡು ವರ್ಷ ಪೂರ್ತಿ ಕೆಲಸ ಮಾಡಿಸಿದರೆ ಈ ಯಾವ ರಿಯಾಯಿತಿಯೂ ಸಿಗುವುದಿಲ್ಲ. ಪ್ರೊಬೇಷನ್ ಕೂಡ ಹಾಗೇ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮಿನ ಪ್ರಕಾರ, ಆರು ತಿಂಗಳು ಸತತ ದುಡಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್, ಇಲ್ಲವೇ ನೋಟಿಸ್ ಬದಲಿಗೆ ಸಂಬಳ ಇಲ್ಲದೆ ತೆಗೆಯುವ ಹಾಗಿಲ್ಲ. ಪ್ರೊಬೇಷನ್ ಒಂದು ವರ್ಷ ಅಂತ ಪತ್ರದಲ್ಲಿ ಬರೆದರೂ ಆರು ತಿಂಗಳ ಗೆರೆ ಅಳಿಯುವುದಿಲ್ಲ. ತೆಗೆಯುವ ಯೋಚನೆ ಇದ್ದರೆ ಐದನೇ ತಿಂಗಳಲ್ಲೇ ಕೂತು ಮಾತಾಡಿ.

ಕನ್ಸಲ್ಟೆಂಟ್ ಅಂದರೆ ಯಾರು

ವಾರಕ್ಕೆ ಎರಡು ದಿನ ಬರುವ ಅಕೌಂಟೆಂಟ್, ನಾಲ್ಕು ಆಸ್ಪತ್ರೆ ಸುತ್ತುವ ಡಾಕ್ಟರ್, ಪ್ಯಾಕೆಟ್‌ನ ಡಿಸೈನ್ ಮಾಡಿಕೊಡುವ ಹುಡುಗಿ. ಇವರು ನಿಜವಾಗಿ ಸ್ವತಂತ್ರರು. ಬಿಲ್ ಕೊಡುತ್ತಾರೆ, ವೃತ್ತಿಪರ ಶುಲ್ಕದ ಮೇಲೆ ನೀವು ಶೇ 10 ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕೊಡುತ್ತೀರಿ. ಬೆಳಗ್ಗೆ ಒಂಬತ್ತಕ್ಕೆ ಬೆರಳಚ್ಚು ಒತ್ತಿ, ರಜೆಗೆ ಅರ್ಜಿ ಹಾಕಿ, ಬೇರೆ ಕಡೆ ಕೆಲಸ ಮಾಡಬಾರದು ಅಂತ ಸಹಿ ಹಾಕಿ, ತಿಂಗಳಿಗೆ ನಿಗದಿತ 30,000 ತೆಗೆದುಕೊಳ್ಳುವವರು ಸ್ವತಂತ್ರರಲ್ಲ. ಟಿಡಿಎಸ್ ಹಿಡಿದ ಮಾತ್ರಕ್ಕೆ ಅವರ ಜಾತಕ ಬದಲಾಗುವುದಿಲ್ಲ.

ಇನ್ನೊಂದು ಇದೆ, ಇದು ಕಾರ್ಮಿಕ ಕಾನೂನಿನದ್ದಲ್ಲ. ನಿಮ್ಮ ನೌಕರ ಕೆಲಸದ ಭಾಗವಾಗಿ ಬರೆದ ಸಾಫ್ಟ್‌ವೇರ್, ಮಾಡಿದ ಡಿಸೈನ್ ಬೇರೆ ಒಪ್ಪಂದ ಇಲ್ಲದಿದ್ದರೆ ನಿಮ್ಮದೇ. ಹೊರಗಿನವರು ಮಾಡಿಕೊಟ್ಟ ಸಾಫ್ಟ್‌ವೇರ್‌ಗೆ ನೀವು ಪೂರ್ತಿ ದುಡ್ಡು ಕೊಟ್ಟಿದ್ದರೂ ಕಾಪಿರೈಟ್ ಅವರದ್ದು, ಲಿಖಿತವಾಗಿ ವರ್ಗಾಯಿಸಿಕೊಳ್ಳದಿದ್ದರೆ. ವರ್ಗಾಯಿಸುವಾಗ ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಗಲ್ಫ್‌ಗೆ ಮಾಲು ಕಳಿಸುವವರು, ಮಣಿಪಾಲ ಮಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳವರು ಈ ಎರಡು ಸಾಲನ್ನು ಮರೆಯಬೇಡಿ. ನಿಮ್ಮ ಆ್ಯಪ್‌ನ ಜೀವಾಳವೇ ಅದು ಅನ್ನುವುದಾದರೆ ಬರೆಯುವವನನ್ನು ರೋಲಿಗೆ ಹಾಕಿಕೊಳ್ಳುವುದೇ ಮೇಲು ಅಂತ ನನ್ನ ಅಭಿಪ್ರಾಯ.

"ಅವನನ್ನು ಪಾಲುದಾರ ಮಾಡಿಬಿಡುತ್ತೇನೆ, ಪಿಎಫ್ ಕಥೆಯೇ ಇಲ್ಲ" ಅನ್ನುವವರೂ ಇದ್ದಾರೆ, ಮುಖ್ಯವಾಗಿ ಒಳ್ಳೆಯ ಭಟ್ಟರು ಕೈತಪ್ಪಬಾರದು ಅನ್ನುವ ಹೋಟೆಲ್‌ನವರು. ನಿಜವಾದ ಪಾಲು ಕೊಡುವ ಮನಸ್ಸಿದ್ದರೆ ಸಂತೋಷ. ಆದರೆ ಪಾಲುದಾರ ಸಂಸ್ಥೆಯ ಹೆಸರಲ್ಲಿ ಸಾಲ ಮಾಡಿದರೆ ನೀವೂ ಬದ್ಧರು, ನಿಮ್ಮ ಮನೆ ಜಾಗದವರೆಗೂ. ಪಿಎಫ್ ಉಳಿಸಲು ಅಷ್ಟು ದೂರ ಹೋಗಬೇಕಾ?

ಬಾಂಡ್ ಬರೆಸಿಕೊಳ್ಳಬಹುದಾ?

ಯಾವ ದಾರಿ ಆರಿಸಿದರೂ ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಮಂಗಳೂರಿನಲ್ಲಿ ಇದೇ ವ್ಯಾಪಾರ ಮಾಡಬಾರದು ಅನ್ನುವ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಅಸಿಂಧು. ಹೆದರಿಸಲು ಆದೀತು, ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಗ್ರಾಹಕರ ಪಟ್ಟಿ, ರೇಟು, ರೆಸಿಪಿ ಹೊರಗೆ ಕೊಡಬಾರದು ಅನ್ನುವ ಗೋಪ್ಯತೆಯ ಷರತ್ತು ನಿಲ್ಲುತ್ತದೆ. ಅದನ್ನು ಬರೆಸಿ.

ಇಂತಿಷ್ಟು ವರ್ಷ ಇರಬೇಕು ಅನ್ನುವ ಬಾಂಡ್ ಬೇರೆ. 1931ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ಮುಗಿಯುವ ಮೊದಲೇ ಬೇರೆ ಬ್ಯಾಂಕಿಗೆ ಹೋದರು. ಬಾಂಡ್ ಪ್ರಕಾರ 2 ಲಕ್ಷ ರೂಪಾಯಿ ಕಟ್ಟಿ, ಆಮೇಲೆ ವಾಪಸ್ ಕೇಳಿದರು. ಹೈಕೋರ್ಟ್ ಕೊಡಿ ಎಂದಿತು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿ ಬಾಂಡ್ ಸರಿ ಎಂದಿತು. ಇದನ್ನು ಓದಿ ಎಲ್ಲರೂ ಬಾಂಡ್ ಫಾರ್ಮ್ ಪ್ರಿಂಟ್ ಹಾಕಬೇಡಿ. ಸಾರ್ವಜನಿಕ ಬ್ಯಾಂಕಿಗೆ ನೇಮಕಾತಿಯ ಖರ್ಚು ದೊಡ್ಡದು ಅನ್ನುವುದನ್ನು ಕೋರ್ಟ್ ಅಲ್ಲಿ ಪರಿಗಣಿಸಿತ್ತು. 14,000 ಸಂಬಳದ ಬಿಲ್ಲಿಂಗ್ ಹುಡುಗನಿಗೆ ನೀವು ಕಲಿಸಿದ್ದು ಎರಡು ದಿನ, ಕೇಳುವುದು ಒಂದು ಲಕ್ಷ ಅಂದರೆ ಯಾರೂ ಒಪ್ಪುವುದಿಲ್ಲ. ಒರಿಜಿನಲ್ ಮಾರ್ಕ್ಸ್‌ ಕಾರ್ಡ್ ಬೀರುವಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸವಂತೂ ಬಿಟ್ಟೇ ಬಿಡಿ.

ಈಗಾಗಲೇ ಇರುವವರನ್ನು ಏನು ಮಾಡುವುದು

ಏಳು ವರ್ಷದಿಂದ ಕಾಗದ ಇಲ್ಲದೆ ಇರುವವರು, "ಗುತ್ತಿಗೆ" ಅಂತ ಹೆಸರಿಗೆ ಮಾತ್ರ ಇರುವವರು ನಿಮ್ಮಲ್ಲೂ ಇರಬಹುದು. ಅವರಿಂದ ರಾಜೀನಾಮೆ ಬರೆಸಿಕೊಂಡು ಹೊಸದಾಗಿ ಸೇರಿಸಿಕೊಂಡಂತೆ ತೋರಿಸುವ ಸಲಹೆ ಕೊಡುವವರು ಸಿಗುತ್ತಾರೆ. ಆ ರಾಜೀನಾಮೆಯೇ ಮುಂದೆ ನಿಮ್ಮ ವಿರುದ್ಧದ ಸಾಕ್ಷಿ ಆಗುತ್ತದೆ. ನೇಮಕಾತಿ ಪತ್ರದಲ್ಲಿ ನಿಜವಾಗಿ ಸೇರಿದ ದಿನಾಂಕವನ್ನೇ ಹಾಕಿ, ಗ್ರಾಚುಯಿಟಿಯನ್ನು ಅಲ್ಲಿಂದಲೇ ಎಣಿಸಿ. ಪಿಎಫ್‌ನ ಯುಎಎನ್ ಸಂಖ್ಯೆ (ಕೆಲಸ ಬದಲಾದರೂ ಒಬ್ಬರಿಗೆ ಒಂದೇ ಇರುವ ಸಂಖ್ಯೆ) ಮೊದಲೇ ಇದ್ದರೆ ಹೊಸದು ಮಾಡಿಸಬೇಡಿ, ಅದಕ್ಕೇ ಜೋಡಿಸಿ. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕ ಪಿಎಫ್‌ನಲ್ಲೂ ಅದೇ ಇದೆಯಾ ನೋಡಿ. ನಮ್ಮ ಕಡೆ ಹೆಸರಿನ ಜೊತೆ ಶೆಟ್ಟಿ, ಪೂಜಾರಿ, ಆಚಾರ್ಯ ಒಂದರಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಕ್ಲೇಮ್ ವಾಪಸ್ ಬರುವುದು ಹೆಚ್ಚಾಗಿ ಅಲ್ಲೇ. ಇಎಸ್‌ಐ ಕಾರ್ಡ್‌ನಲ್ಲಿ ಮನೆಯವರ ಹೆಸರನ್ನೂ ಅದೇ ದಿನ ಸೇರಿಸಿ. ಶಿವಬಾಗ್‌ನ ಇಎಸ್‌ಐ ಆಸ್ಪತ್ರೆಯಲ್ಲಿ ಅಮ್ಮನನ್ನು ಕೂರಿಸಿಕೊಂಡು ನಿಮಗೆ ಫೋನ್ ಮಾಡುವ ಪರಿಸ್ಥಿತಿ ಅವರಿಗೆ ಬರಬಾರದು ಅಲ್ವಾ.